ವರ್ಡ್‌ನಲ್ಲಿ ಕನ್ನಡ ಕೆಟ್ಟು ಕಂಡರೆ: ಫಾಂಟ್ ಬದಲಿಸುವ ಮೊದಲು ಮಾಡಬೇಕಾದ್ದು, ಆಮೇಲೆ ಮಾಡಬೇಕಾದ್ದು

ರಾಜ್ಯೋತ್ಸವ ಹತ್ತಿರ ಬಂತೆಂದರೆ ಕನ್ನಡ ಸಂಘಗಳಲ್ಲಿ ಸ್ಮರಣ ಸಂಚಿಕೆಯ ಗಡಿಬಿಡಿ. ನಿವೃತ್ತ ಮೇಷ್ಟ್ರು ತಮ್ಮ ಲೇಖನವನ್ನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಹೊಡೆದು ಕಳಿಸುತ್ತಾರೆ, ಬ್ಯಾಂಕಿನಲ್ಲಿದ್ದವರು ಬರಹ ಎಂಬ ಇನ್ನೊಂದರಲ್ಲಿ, ಕಾಲೇಜಿನ ಹುಡುಗಿ ಗೂಗಲ್ ಡಾಕ್ಸ್‌ನಲ್ಲಿ, ಹೊರದೇಶದಲ್ಲಿರುವ ಕವಿಗಳು ವಾಟ್ಸಾಪ್‌ನಲ್ಲಿ. ಇವೆಲ್ಲವನ್ನೂ ಒಂದೇ ವರ್ಡ್ ಕಡತಕ್ಕೆ ಸುರಿದಾಗ ಒಂದು ಪುಟ ಚೆನ್ನಾಗಿರುತ್ತದೆ, ಇನ್ನೊಂದರಲ್ಲಿ ಬರೀ ಚೌಕ, ಮತ್ತೊಂದರಲ್ಲಿ ಇಂಗ್ಲಿಷೂ ಅಲ್ಲದ ಕನ್ನಡವೂ ಅಲ್ಲದ ಕಲಸುಮೇಲೋಗರ. ಆಗ ಎಲ್ಲರ ಕೈಯೂ ಹೋಗುವುದು ಒಂದೇ ಕಡೆ: ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಆರಿಸುವುದು, ಮೇಲಿನ ಪಟ್ಟಿಯಿಂದ ಯಾವುದೋ ಫಾಂಟ್ ಹಾಕುವುದು. ದಯವಿಟ್ಟು ಹಾಗೆ ಮಾಡಬೇಡಿ. ಕೆಟ್ಟು ಕಾಣುವ ಕನ್ನಡಕ್ಕೆ ಕಾರಣ ಎಷ್ಟೋ ಸಲ ಫಾಂಟ್ ಅಲ್ಲವೇ ಅಲ್ಲ. ಕಾರಣ ಫಾಂಟೇ ಆಗಿದ್ದರೂ ವರ್ಡ್‌ನ ಆ ಪಟ್ಟಿ ಕನ್ನಡವನ್ನು ಮುಟ್ಟದೇ ಇರಬಹುದು.

ಮೊದಲು ಕಡತದೊಳಗೆ ಇರುವುದು ನಿಜವಾಗಿ ಕನ್ನಡವೇ ಎಂದು ನೋಡಬೇಕು.

ನೋಟ್‌ಪ್ಯಾಡ್ ಪರೀಕ್ಷೆ

ತೊಂದರೆ ಕೊಡುವ ಪ್ಯಾರಾದಿಂದ ಎರಡು ಸಾಲು ಕಾಪಿ ಮಾಡಿ, ವಿಂಡೋಸ್‌ನ ನೋಟ್‌ಪ್ಯಾಡ್ ತೆರೆದು ಅಂಟಿಸಿ. ಅಲ್ಲಿಯೂ ಕನ್ನಡವೇ ಕಂಡರೆ ಆ ಪಠ್ಯ ಯುನಿಕೋಡ್‌ನಲ್ಲಿದೆ. ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ ಅದು ಹೆಚ್ಚಾಗಿ ಹಳೆಯ ಆಸ್ಕಿ ಪದ್ಧತಿಯ ಪಠ್ಯ.

ವ್ಯತ್ಯಾಸ ಇಷ್ಟು. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. ಯಾವ ಫಾಂಟ್ ಹಾಕಿದರೂ 'ಕ' ಎಂಬುದು 'ಕ' ಆಗಿಯೇ ಉಳಿಯುತ್ತದೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳ ಜಾಡು ಬೇರೆ. ಕಡತದಲ್ಲಿ ಉಳಿಯುವುದು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರ, ಫಾಂಟ್ ಅದರ ಮೇಲೆ ಕನ್ನಡದ ವೇಷ ತೊಡಿಸುತ್ತದೆ. 'ಕನ್ನಡ' ಎಂದು ಹಳೆಯ ನುಡಿಯಲ್ಲಿ ಹೊಡೆದು ಫಾಂಟ್ ಕಿತ್ತುಹಾಕಿ ನೋಡಿ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ದೊಡ್ಡ ಎ, ಆಮೇಲೆ ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಹೀಗೆ ಸಾಗುತ್ತದೆ. ಅದನ್ನು 'ಕನ್ನಡ' ಎಂದು ತೋರಿಸುತ್ತಿದ್ದದ್ದು ಆ ಒಂದು ಫಾಂಟ್ ಮಾತ್ರ. ನಿಮ್ಮ ಕಂಪ್ಯೂಟರಿನಲ್ಲಿ ಅದಿಲ್ಲದಿದ್ದರೆ, ಅಥವಾ ನೀವೇ ಕಂಟ್ರೋಲ್ ಎ ಒತ್ತಿ ಬೇರೆ ಫಾಂಟ್ ಹಾಕಿದರೆ, ವೇಷ ಕಳಚಿ ಬೀಳುತ್ತದೆ.

ಕಣ್ಣಿಗೆ ಕಾಣುವ ಲಕ್ಷಣದಿಂದಲೇ ರೋಗ ಹಿಡಿಯಲೂ ಸಾಧ್ಯ:

- ದೊಡ್ಡ ಪಿ, ಗೀಟಿನ ದೊಡ್ಡ ಎ, ಪೌಂಡ್ ಚಿಹ್ನೆಗಳ ರಾಶಿ: ಹಳೆಯ ನುಡಿ ಅಥವಾ ಬರಹದ ಪಠ್ಯ, ಫಾಂಟ್ ಇಲ್ಲ. ಸರಿಪಡಿಸಬಹುದು.
- ಖಾಲಿ ಚೌಕಗಳು: ಪಠ್ಯ ಯುನಿಕೋಡ್, ಆದರೆ ಕನ್ನಡ ಅಕ್ಷರವಿರುವ ಫಾಂಟ್ ಸಿಗುತ್ತಿಲ್ಲ. ಫಾಂಟ್ ಹಾಕಿದರೆ ಮುಗಿಯಿತು.
- ಗೀಟಿರುವ ಚಿಕ್ಕ ಎ, ಅದರ ಪಕ್ಕ ಮೇಲಕ್ಕೇರಿದ ಪುಟ್ಟ 2 ಅಥವಾ 3, ಇದೇ ಜೋಡಿ ಸಾಲುಗಟ್ಟಲೆ: ಪಠ್ಯ ಯುನಿಕೋಡೇ, ತೆರೆಯುವಾಗ ತಪ್ಪು ಸಂಕೇತದಲ್ಲಿ ಓದಲಾಗಿದೆ.
- ಒತ್ತಕ್ಷರ ಕೆಳಗೆ ಹೋಗದೆ 'ಕ್ ಕ' ಎಂಬಂತೆ ಅಕ್ಕಪಕ್ಕ ನಿಂತಿದೆ: ತಂತ್ರಾಂಶಕ್ಕೆ ಕನ್ನಡದ ಅಕ್ಷರ ಜೋಡಣೆ ಗೊತ್ತಿಲ್ಲ, ಅಥವಾ ಗೊತ್ತಿದ್ದರೂ ಆ ಸೌಲಭ್ಯ ಆನ್ ಆಗಿಲ್ಲ.
- ಬರೀ ಪ್ರಶ್ನಾರ್ಥಕ ಚಿಹ್ನೆಗಳು: ಪಠ್ಯ ಸೇವ್ ಆಗುವಾಗಲೇ ನಾಶವಾಗಿದೆ. ಯಾವ ಫಾಂಟೂ ಅದನ್ನು ಹಿಂದಕ್ಕೆ ತರುವುದಿಲ್ಲ, ಬರೆದವರನ್ನೇ ಮತ್ತೆ ಕೇಳಬೇಕು.

ಮೂರನೆಯದು ಹೆಚ್ಚಾಗಿ ಎಕ್ಸೆಲ್‌ನಲ್ಲಿ ಸಿಎಸ್‌ವಿ ಕಡತ ತೆರೆದಾಗ ಎದುರಾಗುತ್ತದೆ, ಸದಸ್ಯರ ಪಟ್ಟಿ, ವಿದ್ಯಾರ್ಥಿಗಳ ಪಟ್ಟಿ ಇಂಥವುಗಳಲ್ಲಿ. ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆಯುವ ಬದಲು ಎಕ್ಸೆಲ್‌ನೊಳಗಿನ ಡೇಟಾ ಮೆನುವಿಗೆ ಹೋಗಿ, ಫ್ರಮ್ ಟೆಕ್ಸ್ಟ್ ಅಥವಾ ಸಿಎಸ್‌ವಿ ಎಂಬುದನ್ನು ಒತ್ತಿ, ಫೈಲ್ ಒರಿಜಿನ್ ಎಂಬಲ್ಲಿ 65001 ಸಂಖ್ಯೆಯ ಯುಟಿಎಫ್-8 ಆರಿಸಿ, ಯುನಿಕೋಡ್ ಪಠ್ಯವನ್ನು ಕಡತದಲ್ಲಿ ಉಳಿಸುವ ಸಂಕೇತ ಅದು. ವರ್ಡ್‌ನಲ್ಲಿ ಸಾದಾ ಪಠ್ಯದ ಕಡತ ತೆರೆಯುವಾಗ ಇದೇ ಪ್ರಶ್ನೆ ಕೇಳಿದರೆ ಅಲ್ಲಿಯೂ ಯುಟಿಎಫ್-8 ಎಂದೇ ಉತ್ತರ.

ಹಳೆಯ ನುಡಿ ಕಡತವನ್ನು ಯುನಿಕೋಡ್‌ಗೆ ತರುವುದು

ಸರ್ಕಾರಿ ಕಚೇರಿ, ಶಾಲೆ, ಪ್ರಕಾಶಕರ ಹಳೆಯ ಕಂಪ್ಯೂಟರುಗಳಲ್ಲಿ ಈ ಬಗೆಯ ಕಡತಗಳು ಈಗಲೂ ಗುಡ್ಡೆ ಬಿದ್ದಿವೆ. ಫಾಂಟ್ ಹೆಸರಿನ ಪಟ್ಟಿಯಲ್ಲಿ 'ನುಡಿ 01 ಇ', 'ನುಡಿ 05 ಇ' ಎಂದೋ, 'ಬಿಆರ್‌ಎಚ್ ಕನ್ನಡ' ಎಂದೋ ಕಂಡರೆ ಅದೇ ಇದು. ಹೆಸರಿನಲ್ಲೇ 'ನುಡಿಯುನಿ' ಎಂದಿದ್ದರೆ ಅದು ಯುನಿಕೋಡ್ ಫಾಂಟ್, ಆ ಕಡತದ ತಂಟೆಗೆ ಹೋಗಬೇಡಿ.

ಬರೀ ಓದಿ ಮುಗಿಸುವುದಿದ್ದರೆ ಆ ಫಾಂಟ್ ಇನ್‌ಸ್ಟಾಲ್ ಮಾಡಿಕೊಂಡರೆ ಸಾಕು. ತಿದ್ದುವುದು, ಬೇರೆ ಲೇಖನಗಳೊಂದಿಗೆ ಸೇರಿಸುವುದು, ಹುಡುಕುವುದು, ಫೋನಿನಲ್ಲಿ ಕಳಿಸುವುದು ಏನೇ ಇದ್ದರೂ ಪರಿವರ್ತಿಸಲೇಬೇಕು. ಬರಹದ ಜೊತೆಯಲ್ಲೇ ಪರಿವರ್ತಕ ಬರುತ್ತದೆ, ಅಂತರ್ಜಾಲದಲ್ಲೂ ಉಚಿತ ಪರಿವರ್ತಕಗಳಿವೆ. ಶ್ರೀಲಿಪಿಯ ಸಂಕೇತವೇ ಬೇರೆಯಾದ್ದರಿಂದ ಅದಕ್ಕೆ ನುಡಿಯ ಪರಿವರ್ತಕ ಹಾಕಿದರೆ ಕಸವೇ ಬರುತ್ತದೆ. ಪರಿವರ್ತಿಸುವ ಮೊದಲು ಮೂಲ ಕಡತದ ಒಂದು ನಕಲನ್ನು ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.

ಇಲ್ಲೊಂದು ಬಲೆ ಇದೆ. ಲೇಖನದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವುಗಳನ್ನೂ ಕನ್ನಡವೆಂದೇ ತಿಳಿದು ತಿರುಗಿಸಿಬಿಡುತ್ತದೆ. ಇಮೇಲ್ ವಿಳಾಸ, ಪುಸ್ತಕದ ಇಂಗ್ಲಿಷ್ ಹೆಸರು, ಔಷಧದ ಹೆಸರು ಎಲ್ಲ ಅರ್ಥವಿಲ್ಲದ ಕನ್ನಡವಾಗುತ್ತವೆ. ಯಾವುದು ಕನ್ನಡ ಯಾವುದು ಇಂಗ್ಲಿಷ್ ಎಂದು ಹೇಳುವ ಏಕೈಕ ಸಾಕ್ಷಿ ಫಾಂಟ್ ಹೆಸರು. ಕಂಟ್ರೋಲ್ ಎ ಒತ್ತಿ ಬೇರೆ ಫಾಂಟ್ ಹಾಕಿದವರು, ಅಥವಾ ಮೊದಲೇ ಸಾದಾ ಪಠ್ಯವಾಗಿ ಅಂಟಿಸಿದವರು ಆ ಸಾಕ್ಷಿಯನ್ನೇ ಅಳಿಸಿಬಿಟ್ಟಿರುತ್ತಾರೆ. ಆದ್ದರಿಂದ ಪರಿವರ್ತನೆಯಾಗುವವರೆಗೂ ಫಾಂಟ್ ಮುಟ್ಟಬೇಡಿ. ವರ್ಡ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿ, ಮೋರ್, ಫಾರ್ಮ್ಯಾಟ್, ಫಾಂಟ್ ಎಂದು ಹೋಗಿ ನುಡಿಯ ಫಾಂಟ್ ಹೆಸರನ್ನು ಕೊಟ್ಟರೆ ಆ ಫಾಂಟ್‌ನಲ್ಲಿರುವ ಭಾಗಗಳನ್ನಷ್ಟೇ ಅದು ಹುಡುಕಿಕೊಡುತ್ತದೆ. ಇಂಗ್ಲಿಷ್ ಎಲ್ಲೆಲ್ಲಿದೆ ಎಂದು ಹೀಗೆ ಮೊದಲೇ ಗುರುತು ಮಾಡಿಕೊಳ್ಳಿ.

ಪರಿವರ್ತನೆ ಮುಗಿದ ಮೇಲೆ ಇಡೀ ಲೇಖನ ಓದುವ ತಾಳ್ಮೆ ಇಲ್ಲದಿದ್ದರೂ ಅರ್ಕಾವತ್ತು ಇರುವ ಪದಗಳು (ಅರ್ಥ, ಕಾರ್ಯ, ಮೂರ್ಖ), ಎರಡು ಒತ್ತು ಇರುವ ಪದಗಳು (ರಾಷ್ಟ್ರ, ವೈಶಿಷ್ಟ್ಯ), ಅಂಕಿಗಳು, ಉದ್ಧರಣ ಚಿಹ್ನೆಗಳು ಇಷ್ಟನ್ನಾದರೂ ನೋಡಿ. ಪರಿವರ್ತಕ ಎಡವುವುದು ಸಾಮಾನ್ಯವಾಗಿ ಇಲ್ಲೇ.

ಫಾಂಟ್ ಬದಲಿಸಿದರೂ ಕನ್ನಡ ಬದಲಾಗುತ್ತಿಲ್ಲವೆ?

ಈಗ ಪಠ್ಯವೆಲ್ಲ ಯುನಿಕೋಡ್ ಆಯಿತು ಎಂದುಕೊಳ್ಳೋಣ. ಫಾಂಟ್ ಪಟ್ಟಿಯಲ್ಲಿ ಹೊಸ ಹೆಸರು ಆರಿಸುತ್ತೀರಿ, ಇಂಗ್ಲಿಷ್ ಪದಗಳು ಬದಲಾಗುತ್ತವೆ, ಕನ್ನಡ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಅಕ್ಷರದ ಗಾತ್ರ 14 ಮಾಡಿದರೆ ಇಂಗ್ಲಿಷ್ ಮಾತ್ರ ಉಬ್ಬುತ್ತದೆ.

ವರ್ಡ್ ಪ್ರತಿ ತುಣುಕು ಪಠ್ಯಕ್ಕೂ ಒಂದಕ್ಕಿಂತ ಹೆಚ್ಚು ಫಾಂಟ್ ಹೆಸರುಗಳನ್ನು ಒಳಗೇ ಬರೆದಿಟ್ಟುಕೊಳ್ಳುತ್ತದೆ. ಇಂಗ್ಲಿಷಿನಂಥ ಲಿಪಿಗೆ ಒಂದು, ಚೀನೀ ಜಪಾನೀ ಲಿಪಿಗಳಿಗೆ ಒಂದು, ಅರಬ್ಬಿ ಮತ್ತು ನಮ್ಮ ದೇಶದ ಲಿಪಿಗಳಿಗೆ ಇನ್ನೊಂದು. ಈ ಕೊನೆಯ ಗುಂಪನ್ನು ಅದು ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಎನ್ನುತ್ತದೆ. ಗಾತ್ರ, ದಪ್ಪಕ್ಷರ ಕೂಡ ಈ ಗುಂಪಿಗೆ ಬೇರೆಯಾಗಿಯೇ ದಾಖಲಾಗುತ್ತವೆ. ನೀವೇನೂ ಹೇಳದಿದ್ದರೆ ಆಫೀಸ್‌ನ ಥೀಮ್ ಕನ್ನಡಕ್ಕೆ ತುಂಗಾ ಎಂಬ ಫಾಂಟನ್ನು ಸೂಚಿಸುತ್ತದೆ. ಯಾರೂ ಆರಿಸದಿದ್ದರೂ ಎಲ್ಲೆಲ್ಲೂ ತುಂಗಾ ಹರಿಯುವುದು ಹೀಗೆ.

ಮಾಡಬೇಕಾದ್ದು:

1. ಫೈಲ್, ಆಪ್ಷನ್ಸ್, ಲ್ಯಾಂಗ್ವೇಜ್ ಎಂದು ಹೋಗಿ ಆಥರಿಂಗ್ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ. ವರ್ಡ್ ಮುಚ್ಚಿ ಮತ್ತೆ ತೆರೆಯಿರಿ.
2. ಹೋಮ್ ಟ್ಯಾಬ್‌ನ ಸ್ಟೈಲ್‌ಗಳಲ್ಲಿ ನಾರ್ಮಲ್ ಮೇಲೆ ಬಲಗಡೆಯ ಕ್ಲಿಕ್ ಮಾಡಿ ಮಾಡಿಫೈ ಆರಿಸಿ. ಕೆಳಮೂಲೆಯ ಫಾರ್ಮ್ಯಾಟ್ ಗುಂಡಿಯಿಂದ ಫಾಂಟ್‌ಗೆ ಹೋಗಿ.
3. ಅಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಎಂಬ ಪ್ರತ್ಯೇಕ ವಿಭಾಗ ಕಾಣುತ್ತದೆ. ಅದರಲ್ಲಿ ಕನ್ನಡದ ಫಾಂಟ್ ಮತ್ತು ಗಾತ್ರ ಕೊಡಿ, ಮೇಲಿನ ಲ್ಯಾಟಿನ್ ವಿಭಾಗದಲ್ಲಿ ಇಂಗ್ಲಿಷಿನದು.
4. ಮುಂದೆಯೂ ಇದೇ ಬೇಕಿದ್ದರೆ ಹೊಸ ಕಡತಗಳಿಗೂ ಅನ್ವಯಿಸುವ ಆಯ್ಕೆಯನ್ನು ಕೆಳಗೆ ಗುರುತಿಸಿ ಓಕೆ ಒತ್ತಿ.
5. ಇನ್ನೂ ಅಲ್ಲಲ್ಲಿ ಹಳೆಯ ಫಾಂಟ್ ಉಳಿದಿದ್ದರೆ ಆ ಭಾಗ ಆರಿಸಿ ಕಂಟ್ರೋಲ್ ಜೊತೆ ಸ್ಪೇಸ್‌ಬಾರ್ ಒತ್ತಿ. ಮೇಲಿಂದ ಮೆತ್ತಿದ್ದೆಲ್ಲ ಹೋಗಿ ಸ್ಟೈಲ್‌ನಲ್ಲಿ ಹೇಳಿದ್ದು ಬರುತ್ತದೆ. ಬೇಕೆಂದೇ ಮಾಡಿದ ದಪ್ಪಕ್ಷರವೂ ಹೋಗುತ್ತದೆ ಎಂಬುದು ನೆನಪಿರಲಿ.

ಒಂದೆರಡು ಪದಕ್ಕಷ್ಟೇ ಆದರೆ ಸ್ಟೈಲ್‌ವರೆಗೆ ಹೋಗುವ ಅಗತ್ಯವಿಲ್ಲ, ಕಂಟ್ರೋಲ್ ಡಿ ಒತ್ತಿದರೆ ಅದೇ ಕಿಟಕಿ ತೆರೆಯುತ್ತದೆ. ಎರಡು ವಿಭಾಗ ಬೇರೆ ಇರುವುದು ಕಿರಿಕಿರಿ ಅನ್ನಿಸಿದರೂ ಅದರಿಂದ ಉಪಕಾರವೂ ಇದೆ. ಒಂದೇ ಗಾತ್ರ ಕೊಟ್ಟಾಗ ಕನ್ನಡ ಪುಟ್ಟದಾಗಿ ಇಂಗ್ಲಿಷ್ ಎದ್ದು ಕಾಣುವ ಫಾಂಟ್ ಜೋಡಿಗಳು ಬಹಳ. ಕನ್ನಡಕ್ಕೆ 13, ಇಂಗ್ಲಿಷಿಗೆ 11 ಎಂದು ಬೇರೆ ಬೇರೆ ಕೊಟ್ಟರೆ ಸಾಲು ಸಮನಾಗಿ ಕಾಣುತ್ತದೆ.

ಲಿಬ್ರೆಆಫೀಸ್ ಬಳಸುವವರಿಗೂ ಇದೇ ಕಥೆ, ಮೆನು ಬೇರೆ ಅಷ್ಟೆ. ಟೂಲ್ಸ್, ಆಪ್ಷನ್ಸ್ ಒಳಗಿನ ಭಾಷಾ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದಕ್ಕೆ ಕನ್ನಡ ಆರಿಸಿ. ಆಮೇಲೆ ಅದೇ ಆಪ್ಷನ್ಸ್‌ನ ರೈಟರ್ ವಿಭಾಗದಲ್ಲಿ ಸಿಟಿಎಲ್ ಎಂಬ ಗುರುತಿರುವ ಬೇಸಿಕ್ ಫಾಂಟ್ಸ್ ಪುಟಕ್ಕೆ ಹೋಗಿ ಕನ್ನಡದ ಫಾಂಟ್ ಕೊಡಿ. ಗೂಗಲ್ ಡಾಕ್ಸ್‌ನಲ್ಲಿ ಈ ಗೋಜಿಲ್ಲ. ಫಾಂಟ್ ಪಟ್ಟಿಯ ತುದಿಯ ಮೋರ್ ಫಾಂಟ್ಸ್ ಒತ್ತಿ, ಸ್ಕ್ರಿಪ್ಟ್ ಎಂಬಲ್ಲಿ ಕನ್ನಡ ಆರಿಸಿದರೆ ಕನ್ನಡದವು ಮಾತ್ರ ಕಾಣುತ್ತವೆ.

ನನ್ನ ಕಂಪ್ಯೂಟರಿನಲ್ಲಿ 40 ಪುಟ, ನಿಮ್ಮಲ್ಲಿ 46

ಸಂಪಾದಕರ ನಡುವೆ ಮನಸ್ತಾಪ ತರುವ ಸಂಗತಿ ಇದು, ತಪ್ಪು ಯಾರದೂ ಅಲ್ಲ. ವಿಂಡೋಸ್ ಎಕ್ಸ್‌ಪಿಯಿಂದ ಕನ್ನಡಕ್ಕೆ ತುಂಗಾ ಬರುತ್ತಿತ್ತು. ವಿಂಡೋಸ್ 8ರಲ್ಲಿ ಭಾರತದ ಹಲವು ಲಿಪಿಗಳಿಗೆ ಒಟ್ಟಿಗೇ ಒದಗುವ ನಿರ್ಮಲಾ ಯುಐ ಬಂತು. ವಿಂಡೋಸ್ 10ರಿಂದ ತುಂಗಾ ಐಚ್ಛಿಕವಾಯಿತು. ಕನ್ನಡ ಭಾಷೆ ಸೇರಿಸಿಕೊಂಡವರ ಕಂಪ್ಯೂಟರಿನಲ್ಲಿ ಅದು ಇರುತ್ತದೆ, ಉಳಿದವರಲ್ಲಿ ಇರುವುದಿಲ್ಲ. ಇತ್ತ ಆಫೀಸ್‌ನ ಥೀಮ್ ತುಂಗಾ ಬೇಕು ಎನ್ನುತ್ತದೆ. ತುಂಗಾ ಇಲ್ಲದ ಕಡೆ ಕನ್ನಡವಿರುವ ಬೇರೊಂದು ಫಾಂಟ್ ಅದರ ಜಾಗದಲ್ಲಿ ಬಂದು ಕೂರುತ್ತದೆ. ಎರಡರ ಅಕ್ಷರದ ಅಗಲ, ಸಾಲಿನ ಎತ್ತರ ಬೇರೆ ಬೇರೆ. ಪುಟ ಹಿಗ್ಗುತ್ತದೆ, ಕುಗ್ಗುತ್ತದೆ, ಪರಿವಿಡಿಯ ಪುಟಸಂಖ್ಯೆಯೆಲ್ಲ ಜಾರುತ್ತದೆ.

ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಒಳಗೆ ಫಾಂಟ್ ಸಬ್‌ಸ್ಟಿಟ್ಯೂಷನ್ ಎಂಬ ಗುಂಡಿ ಇದೆ. ಕಡತ ಕೇಳುತ್ತಿರುವ ಫಾಂಟ್ ಯಾವುದು, ಅದಿಲ್ಲದೆ ಬಂದು ಕೂತಿರುವುದು ಯಾವುದು ಎಂದು ಅದು ತೋರಿಸುತ್ತದೆ. ತುಂಗಾ ಬೇಕೇ ಬೇಕಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂಬುದನ್ನು ಸೇರಿಸಿ. ಆದರೆ ನನ್ನ ಸಲಹೆ ಬೇರೆ: ಇಡೀ ತಂಡ ಒಂದು ಉಚಿತ ಫಾಂಟ್ ಒಪ್ಪಿಕೊಂಡು, ಅದನ್ನು ಎಲ್ಲರೂ ಇನ್‌ಸ್ಟಾಲ್ ಮಾಡಿಕೊಳ್ಳುವುದು. ಮ್ಯಾಕ್ ಇರುವವರು, ಉಬುಂಟು ಇರುವವರು ತಂಡದಲ್ಲಿದ್ದರೆ ಇದೊಂದೇ ದಾರಿ.

ಹಾಗಾದರೆ ಯಾವ ಫಾಂಟ್?

ಫಾಂಟ್‌ನ ಹೆಸರನ್ನೋ ಪಟ್ಟಿಯಲ್ಲಿ ಕಾಣುವ ಅದರ ಚೆಲುವನ್ನೋ ನೋಡಿ ಆರಿಸಬೇಡಿ. ಈ ಸಾಲನ್ನು ಹೊಡೆದು, ನಿಜವಾಗಿ ಬಳಸುವ ಗಾತ್ರದಲ್ಲಿ, ನಿಜವಾಗಿ ಬಳಸುವ ಪ್ರಿಂಟರಿನಲ್ಲಿ ಮುದ್ರಿಸಿ ನೋಡಿ:

ಮರದ ಮಠ, ದನ ಧನ, ಬಾರ ಭಾರ, ಮಾಮ ಮಾವು, ಪಲ್ಯ ಫಲ, ರಾಷ್ಟ್ರ, ಸ್ತ್ರೀ, ವೈಶಿಷ್ಟ್ಯ, ಲಕ್ಷ್ಮಿ, ಸಂಸ್ಕೃತಿ, ವಿಜ್ಞಾನ, ಮೂರ್ಖ, 1956, ೧೯೫೬.

ಮೊದಲ ಭಾಗ ಜೋಡಿಗಳದು. 'ರ'ಗೂ 'ಠ'ಕ್ಕೂ ಇರುವ ವ್ಯತ್ಯಾಸ ನಡುವಿನ ಒಂದು ಚುಕ್ಕೆ. 'ದ' ಮತ್ತು 'ಧ', 'ಬ' ಮತ್ತು 'ಭ', 'ಪ' ಮತ್ತು 'ಫ' ಬೇರೆಯಾಗುವುದು ಬುಡದ ಸಣ್ಣ ಗೀಟಿನಿಂದ. ತೆಳ್ಳಗಿನ ಫಾಂಟ್‌ನಲ್ಲಿ ಈ ಗೀಟು ಒಂದು ಸಲ ಝೆರಾಕ್ಸ್ ಆಗುವಷ್ಟರಲ್ಲಿ ಮಾಯ. ತೀರಾ ದಪ್ಪದ್ದರಲ್ಲಿ 'ಠ'ದ ಚುಕ್ಕೆಯ ಸುತ್ತಲಿನ ಜಾಗವೇ ಮುಚ್ಚಿಹೋಗಿ ಮಸಿಯ ಉಂಡೆಯಾಗುತ್ತದೆ. 'ಮ' ಮತ್ತು 'ವು' ಅವಸರದ ಕಣ್ಣಿಗೆ ಒಂದೇ. ಶಾಲೆಯ ಪ್ರಶ್ನೆಪತ್ರಿಕೆ ಮಾಡುವವರು ಇದನ್ನು ನೋಡದೆ ಮುಂದೆ ಹೋಗಬಾರದು, ಏಕೆಂದರೆ ಅದು ಝೆರಾಕ್ಸ್‌ನ ಝೆರಾಕ್ಸ್ ಆಗಿಯೇ ಮಕ್ಕಳ ಕೈ ಸೇರುವುದು. ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಗಮನಿಸಿ, ಇಸವಿ ಅದಲುಬದಲಾದರೆ ಇತಿಹಾಸವೇ ಅದಲುಬದಲು.

ಎರಡನೆಯ ಭಾಗ ಒತ್ತುಗಳದು. 'ಷ್ಟ್ರ'ದಲ್ಲಿ ಎರಡು ಒತ್ತು ಕೆಳಗಿಳಿಯುತ್ತವೆ. ಒಳ್ಳೆಯ ಫಾಂಟ್‌ನಲ್ಲಿ ಎರಡೂ ಬಿಡಿಬಿಡಿಯಾಗಿ ಓದಲು ಬರುತ್ತವೆ, ಕಳಪೆಯದರಲ್ಲಿ ಒಂದರ ಮೇಲೊಂದು ಬಿದ್ದು ಗಂಟಾಗುತ್ತವೆ.

ಈ ಪರೀಕ್ಷೆ ದಾಟುವ ಉಚಿತ ಫಾಂಟ್‌ಗಳಲ್ಲಿ ನಾನು ಮೊದಲು ಕೈಹಾಕುವುದು ನೋಟೋ ಸೆರಿಫ್ ಕನ್ನಡಕ್ಕೆ. ಉದ್ದನೆಯ ಲೇಖನ, ಕಥೆ, ಸ್ಮರಣ ಸಂಚಿಕೆಯ ಒಳಪುಟ ಎಲ್ಲಕ್ಕೂ ಒಗ್ಗುತ್ತದೆ. ಸೂಚನೆ, ಕೋಷ್ಟಕ, ಪರದೆಯ ಮೇಲೆ ಓದುವ ಕಡತಕ್ಕೆ ನೋಟೋ ಸ್ಯಾನ್ಸ್ ಕನ್ನಡ. ಎರಡರಲ್ಲೂ ತೀರ ತೆಳುವಿನಿಂದ ತೀರ ದಪ್ಪದವರೆಗೆ ಹಲವು ತೂಕಗಳಿವೆ, ಹಾಗಾಗಿ ಶೀರ್ಷಿಕೆಗೆ ನಿಜವಾದ ದಪ್ಪಕ್ಷರ ಸಿಗುತ್ತದೆ. ಟೀರೋ ಕನ್ನಡ ಹಳೆಯ ಅಚ್ಚಿನ ಪುಸ್ತಕದ ಗಾಂಭೀರ್ಯ ಇರುವಂಥದ್ದು, ಕಾವ್ಯಕ್ಕೂ ಹಳಗನ್ನಡಕ್ಕೂ ಹೇಳಿ ಮಾಡಿಸಿದಂತಿದೆ. ಆದರೆ ಅದಕ್ಕೆ ದಪ್ಪ ರೂಪವಿಲ್ಲ. ಅದರ ಮೇಲೆ ಬೋಲ್ಡ್ ಒತ್ತಿದರೆ ವರ್ಡ್ ತಾನೇ ಅಂಚು ಹಿಗ್ಗಿಸಿ ನಕಲಿ ದಪ್ಪ ಮಾಡುತ್ತದೆ, ಒತ್ತುಗಳು ಮೆತ್ತಿಕೊಳ್ಳುತ್ತವೆ. ಆನೆಕ್ ಕನ್ನಡ ಶೀರ್ಷಿಕೆಗೆ, ಆಹ್ವಾನ ಪತ್ರಿಕೆಗೆ ಚೆಂದ. ಬಾಲೂ ತಮ್ಮ 2 ಮಕ್ಕಳ ಪುಟಗಳಿಗೆ, ಪೋಸ್ಟರಿಗೆ ಸರಿ. ಅದರಲ್ಲಿ ಹತ್ತು ಪುಟದ ಪ್ರಬಂಧ ಓದಿಸುವುದು ಓದುಗರಿಗೆ ಕೊಡುವ ಶಿಕ್ಷೆ. ಉಬುಂಟು, ಡೆಬಿಯನ್ ಬಳಸುವವರಿಗೆ ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು ಅವುಗಳ ತಂತ್ರಾಂಶ ಭಂಡಾರದಿಂದಲೇ ಸಿಗುತ್ತವೆ.

ಇವುಗಳಲ್ಲಿ ನೋಟೋ, ಟೀರೋ, ಆನೆಕ್, ಬಾಲೂ ನಾಲ್ಕೂ ಗೂಗಲ್ ಫಾಂಟ್ಸ್‌ನಲ್ಲಿವೆ. ಇಳಿಸಿಕೊಂಡ ಜಿಪ್ ಕಡತ ಬಿಚ್ಚಿದಾಗ ಕೆಲವದರಲ್ಲಿ ಎಲ್ಲ ತೂಕಗಳೂ ಒಂದೇ ಕಡತದಲ್ಲಿರುವ ವೇರಿಯಬಲ್ ಫಾಂಟ್ ಮತ್ತು ಸ್ಟ್ಯಾಟಿಕ್ ಎಂಬ ಫೋಲ್ಡರ್ ಎರಡೂ ಇರುತ್ತವೆ. ವರ್ಡ್‌ಗೆ ಸ್ಟ್ಯಾಟಿಕ್ ಫೋಲ್ಡರಿನಲ್ಲಿರುವ ರೆಗ್ಯುಲರ್ ಮತ್ತು ಬೋಲ್ಡ್ ಕಡತಗಳನ್ನೇ ಹಾಕಿ. ವೇರಿಯಬಲ್ ಫಾಂಟ್ ಜೊತೆ ವರ್ಡ್‌ನ ಸಂಬಂಧ ಅಷ್ಟಕ್ಕಷ್ಟೆ.

ಓರೆಯಕ್ಷರದ ಬಗ್ಗೆ ಒಂದು ಮಾತು. ಕನ್ನಡದ ಬಹುತೇಕ ಫಾಂಟ್‌ಗಳಲ್ಲಿ ಇಟ್ಯಾಲಿಕ್ ರೂಪವೇ ಇಲ್ಲ. ಐ ಗುಂಡಿ ಒತ್ತಿದಾಗ ಕಾಣುವುದು ಅಕ್ಷರವನ್ನು ಪಕ್ಕಕ್ಕೆ ದಬ್ಬಿದ ರೂಪ, ನಮ್ಮ ದುಂಡಕ್ಷರಕ್ಕೆ ಅದು ಒಪ್ಪುವುದೂ ಇಲ್ಲ. ಪುಸ್ತಕದ ಹೆಸರಿಗೆ ಉದ್ಧರಣ ಚಿಹ್ನೆ ಹಾಕಿ, ಒತ್ತಿ ಹೇಳಬೇಕಾದ್ದಕ್ಕೆ ದಪ್ಪಕ್ಷರ ಬಳಸಿ.

ಕತ್ತರಿಸಿಹೋದ ಒತ್ತು, ಇಕ್ಕಟ್ಟಾದ ಸಾಲು

ಕನ್ನಡದ ಸಾಲು ಮೇಲಕ್ಕೂ ಕೆಳಕ್ಕೂ ಬೆಳೆಯುತ್ತದೆ. ತಲೆಕಟ್ಟಿನ ಮೇಲೆ ಗುಡಿಸು, ಬುಡದಲ್ಲಿ ಒತ್ತು, ಕೆಲವೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಇದಕ್ಕೆ ಸಾಲದು.

ಒತ್ತಿನ ಬುಡ ಕತ್ತರಿಸಿದಂತೆ ಕಂಡರೆ ನೂರಕ್ಕೆ ತೊಂಬತ್ತು ಪಾಲು ಲೈನ್ ಸ್ಪೇಸಿಂಗ್‌ನಲ್ಲಿ ಎಕ್ಸಾಕ್ಟ್ಲಿ ಎಂದಿರುತ್ತದೆ. ಪ್ಯಾರಾ ಆರಿಸಿ, ಲೈನ್ ಸ್ಪೇಸಿಂಗ್ ಆಪ್ಷನ್ಸ್ ತೆರೆದು ಅದನ್ನು ಮಲ್ಟಿಪಲ್ ಎಂದು ಬದಲಿಸಿ. ನೋಟೋ ಫಾಂಟ್‌ಗಳಿಗೆ 1.15ರಿಂದ ಶುರುಮಾಡಿ 1.4ರವರೆಗೆ ಏರಿಸಿ ನೋಡಿ, ತುಂಗಾದಲ್ಲಿ ಸಾಲಿನ ಅಂತರ ಮೊದಲೇ ಧಾರಾಳ, ಅದಕ್ಕೆ 1 ಸಾಕು. ಕೋಷ್ಟಕದಲ್ಲಿ ಮಾತ್ರ ಕತ್ತರಿಸುತ್ತಿದ್ದರೆ ಟೇಬಲ್ ಪ್ರಾಪರ್ಟೀಸ್‌ನ ರೋ ವಿಭಾಗದಲ್ಲಿಯೂ ಅದೇ ಎಕ್ಸಾಕ್ಟ್ಲಿ ಕೂತಿರುತ್ತದೆ, ಅಲ್ಲಿ ಅಟ್ ಲೀಸ್ಟ್ ಮಾಡಿ. ಪರದೆಯ ಮೇಲಷ್ಟೇ ಕತ್ತರಿಸಿದಂತೆ ಕಂಡು ಮುದ್ರಣದಲ್ಲಿ ಸರಿ ಇರುವುದೂ ಉಂಟು. ಗಾಬರಿಯಾಗುವ ಮೊದಲು ಒಂದು ಪಿಡಿಎಫ್ ಮಾಡಿ ನೋಡಿ.

ಗಾತ್ರ: ಮುದ್ರಣಕ್ಕೆ 12 ಅಥವಾ 13, ಹಿರಿಯರು ಓದುವ ಸಂಚಿಕೆಯಾದರೆ 14ಕ್ಕಿಂತ ಕಡಿಮೆ ಬೇಡ, ದೃಷ್ಟಿ ಮಂದವಿರುವವರಿಗೆ 18. ಪುಟ ಉಳಿಸಲು ಅಕ್ಷರ ಕುಗ್ಗಿಸುವ ಬದಲು ಅಂಚು ಕಡಿಮೆ ಮಾಡಿ, ಅಥವಾ ಅಧ್ಯಕ್ಷರ ಭಾಷಣ ಕಡಿಮೆ ಮಾಡಿ.

ಎರಡೂ ಬದಿ ಸಮ ಮಾಡುವ ಜಸ್ಟಿಫೈ ಗುಂಡಿಯ ಮೇಲೆ ನಮ್ಮವರಿಗೆ ವಿಪರೀತ ಮೋಹ. 'ಮಾಡಿಕೊಳ್ಳಬೇಕಾಗಿರುವುದರಿಂದ' ಎಂಬಂಥ ಪದ ಸಾಲಿನ ಕೊನೆಗೆ ಹಿಡಿಸದೆ ಕೆಳಗೆ ಹೋಯಿತೆಂದರೆ ಮೇಲಿನ ಸಾಲಿನಲ್ಲಿ ಉಳಿದ ನಾಲ್ಕು ಪದಗಳು ದೂರ ದೂರ ನಿಲ್ಲುತ್ತವೆ. ಎರಡು ಕಾಲಂ ಇದ್ದರಂತೂ ಪುಟದ ತುಂಬ ಬಿಳಿಯ ಕಾಲುವೆಗಳು. ಕಿರಿದಾದ ಕಾಲಂನಲ್ಲಿ ಎಡಕ್ಕಷ್ಟೇ ಹೊಂದಿಸಿ, ಓದಲು ಅದೇ ಹಿತ.

ಸಣ್ಣ ಚಿಹ್ನೆಗಳ ಕಾಟ

'ರಾಜ್‌ಕುಮಾರ್' ಎಂದು ಬೇಕಾದ ಕಡೆ 'ರಾಜ್ಕುಮಾರ್' ಬಂದರೆ ಅದು ಫಾಂಟ್‌ನ ತಪ್ಪಲ್ಲ. ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಒತ್ತಾಗುವುದೇ ನಿಯಮ. ಬೇಡವೆಂದು ಹೇಳಲು ಕಣ್ಣಿಗೆ ಕಾಣದ ಒಂದು ಚಿಹ್ನೆ ನಡುವೆ ಬೇಕು. 'ರಾಜ್' ಹೊಡೆದು, ಜಾಗ ಬಿಡದೆ 200 ಎಂಬ ಅಂಕಿಗಳನ್ನೂ ಪಕ್ಕದಲ್ಲೇ ಇಂಗ್ಲಿಷಿನ ಸಿ ಅಕ್ಷರವನ್ನೂ ಹೊಡೆದು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಆ ನಾಲ್ಕೂ ಮಾಯವಾಗಿ ಚಿಹ್ನೆ ಕೂರುತ್ತದೆ, ಆಮೇಲೆ 'ಕುಮಾರ್' ಮುಂದುವರಿಸಿ. 'ರ‍್ಯಾಂಕ್' ಬರೆಯುವಾಗ ಅರ್ಕಾವತ್ತು ಬಂದು ಕಾಡಿದರೆ ಬೇಕಾದ್ದು ಇನ್ನೊಂದು ಚಿಹ್ನೆ: 'ರ' ಹೊಡೆದ ಕೂಡಲೇ 200ರ ಪಕ್ಕ ಇಂಗ್ಲಿಷಿನ ಡಿ ಹೊಡೆದು ಆಲ್ಟ್ ಎಕ್ಸ್, ಆಮೇಲೆ ಅರ್ಧಾಕ್ಷರದ ಚಿಹ್ನೆ, ಆಮೇಲೆ 'ಯಾ'. ಲಿಬ್ರೆಆಫೀಸ್‌ನಲ್ಲೂ ಇದು ನಡೆಯುತ್ತದೆ. ಹೆಸರುಗಳು ಪದೇ ಪದೇ ಬರುವುದಿದ್ದರೆ ಒಮ್ಮೆ ಸರಿಯಾಗಿ ಹೊಡೆದು ಆಟೋಕರೆಕ್ಟ್‌ಗೆ ಸೇರಿಸಿಬಿಡಿ.

ಇನ್ನೆರಡು ನೋಡಲು ಸರಿಯಾಗಿಯೇ ಇದ್ದು ಒಳಗೆ ತಪ್ಪಾಗಿರುವಂಥವು. ಅನುಸ್ವಾರದ ಬದಲು ಕನ್ನಡದ ಸೊನ್ನೆ, ವಿಸರ್ಗದ ಬದಲು ಕೀಲಿಮಣೆಯ ಕೋಲನ್. 'ದುಃಖ' ಎಂಬಲ್ಲಿ 'ದು:ಖ' ಇದ್ದರೆ ಕೆಲವು ಫಾಂಟ್‌ನಲ್ಲಿ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಫಾಂಟ್ ಬದಲಿಸಿದ ಕೂಡಲೇ ಎದ್ದು ಕಾಣುತ್ತದೆ. ಹುಡುಕಿದರೂ ಪದ ಸಿಗುವುದಿಲ್ಲ. ಕೋಲನ್ ಇರುವ ಕಡೆಗಳನ್ನು ಫೈಂಡ್‌ನಲ್ಲಿ ಒಂದೊಂದಾಗಿ ನೋಡಿ ತಿದ್ದಿ. ಸೊನ್ನೆಯದಕ್ಕೆ ರಿಪ್ಲೇಸ್ ಆಲ್ ಮಾತ್ರ ಒತ್ತಬೇಡಿ, ೨೦೦೦ ಎಂಬ ಇಸವಿಯ ಸೊನ್ನೆಗಳೂ ಬಿಂದುಗಳಾಗಿಬಿಡುತ್ತವೆ.

ಚುಕ್ಕೆಗಳ ವೃತ್ತವೊಂದಕ್ಕೆ ಕೊಂಬೋ ಗುಡಿಸೋ ಅಂಟಿಕೊಂಡಂತೆ ಕಂಡರೆ ಅಲ್ಲಿ ವ್ಯಂಜನವಿಲ್ಲದೆ ಸ್ವರಚಿಹ್ನೆ ಮಾತ್ರ ಇದೆ, ಅಥವಾ ಚಿಹ್ನೆ ಎರಡು ಸಲ ಬಿದ್ದಿದೆ. ಅಳಿಸಿ ಮತ್ತೆ ಹೊಡೆದರೆ ಆಯಿತು.

ಬೇರೆಯವರಿಗೆ ಕಳಿಸುವಾಗ

ಓದಲು ಅಥವಾ ಮುದ್ರಿಸಲು ಕಳಿಸುವುದಾದರೆ ಪಿಡಿಎಫ್ ಕಳಿಸಿ, ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವಿನಲ್ಲಿ ವರ್ಡ್ ಕಡತ ಒಯ್ಯಬೇಡಿ. ಅಡೋಬಿ ರೀಡರ್‌ನಲ್ಲಿ ತೆರೆದು ಪ್ರಾಪರ್ಟೀಸ್‌ನ ಫಾಂಟ್ಸ್ ಪುಟ ನೋಡಿದರೆ ಪ್ರತಿ ಫಾಂಟ್‌ನ ಮುಂದೆ ಎಂಬೆಡೆಡ್ ಎಂದಿರಬೇಕು. ಆದರೆ ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿದರೆ ಅಕ್ಷರಗಳ ಕ್ರಮ ಕೆಡುವುದು ಮಾಮೂಲು, ಹಾಗಾಗಿ ತಿದ್ದುವವರಿಗೆ ವರ್ಡ್ ಕಡತವನ್ನೇ ಕೊಡಿ. ಆಗ ಫೈಲ್, ಆಪ್ಷನ್ಸ್, ಸೇವ್ ಒಳಗೆ ಎಂಬೆಡ್ ಫಾಂಟ್ಸ್ ಇನ್ ದ ಫೈಲ್ ಎಂಬುದನ್ನು ಗುರುತಿಸಿ. ಕಡತ ತುಸು ಭಾರವಾದರೂ ಫಾಂಟ್ ಜೊತೆಗೇ ಹೋಗುತ್ತದೆ. ಎಂಬೆಡ್ ಮಾಡಲು ಫಾಂಟ್‌ನ ಪರವಾನಗಿ ಒಪ್ಪಬೇಕು. ನೋಟೋ, ಟೀರೋ, ಆನೆಕ್‌ಗಳಿಗೆ ಆ ತೊಡಕಿಲ್ಲ.

ಡಿಟಿಪಿ ಸೆಂಟರಿನವರು ಇನ್ನೂ 'ನುಡಿಯಲ್ಲೇ ಕೊಡಿ ಸಾರ್' ಎನ್ನುತ್ತಾರಲ್ಲ, ಅದು ಅವರ ಹಠವಲ್ಲ. ಅವರು ಪುಟ ಕಟ್ಟಲು ಬಳಸುವ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಅದಕ್ಕೆ ಯುನಿಕೋಡ್ ಗೊತ್ತೇ ಇಲ್ಲ. ಅಂಥ ಕಡೆ ಯುನಿಕೋಡ್‌ನಿಂದ ಆಸ್ಕಿಗೆ ತಿರುಗಿಸಿ ಕೊಡಬೇಕು, ಮತ್ತು ಕರಡನ್ನು ಕಾಗದದ ಮೇಲೆ ಇನ್ನೊಮ್ಮೆ ತಿದ್ದಲೇಬೇಕು. ಪುಟ ಕಟ್ಟುವ ಇನ್ನೊಂದು ತಂತ್ರಾಂಶ ಇನ್‌ಡಿಸೈನ್ ಇದ್ದವರಲ್ಲಿ ಯುನಿಕೋಡ್ ನಡೆಯುತ್ತದೆ. ಒತ್ತುಗಳು ಅಕ್ಕಪಕ್ಕ ಬಂದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ಅಡೋಬಿ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸುವಂತೆ ಹೇಳಿ. ಅವರು ಅದನ್ನು ಬದಲಿಸುವವರೆಗೆ ಪಕ್ಕದಲ್ಲೇ ನಿಂತಿರಿ, ಮೊದಲ ಪುಟದಲ್ಲಿ 'ರಾಷ್ಟ್ರ' ಸರಿಯಾಗಿ ಬಂತೇ ನೋಡಿಕೊಂಡು ಹೊರಡಿ.